ಬೀಗ ಹಾಕಿದ ದನಿಗಳು

ನಾನು ಮರ್ಟಲ್ ನಕಮಾರಾ, ವಯಸ್ಸು ೫೪, ಕೆಲಸ ಯಾಲ್ಪಾರಿ ಊರಿನಲ್ಲಿ ಜನರ ದನಿ ಮುದ್ರಿಸಿಡುವ ದನಿಮನೆ ನೋಡಿಕೊಳ್ಳುವುದು, ವಾಸ ಅದೇ ಊರು, ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ೨೮೦ ಕಿ.ಮೀ. ನಮ್ಮ ಸರ್ವರ್ ಒಡೆದ ವಿಚಾರವಾಗಿ ಈ ಮೂಲಕ ತಿಳಿಸುವುದೇನೆಂದರೆ, ಮೂಲನಿವಾಸಿಗಳಾದ ನಮ್ಮವರು ಹೇಳಿದ ಕಥೆ, ಹಾಡು, ಬೈಗುಳಗಳೆಲ್ಲ ಒಂದು ಲಿನಕ್ಸ್ ಸರ್ವರಿನ ಡೇಟಾಬೇಸಿನಲ್ಲಿದ್ದವು. ಯಾರಾದರೂ ತೀರಿಕೊಂಡರೆ ಮನೆಯವರು ಒಪ್ಪುವವರೆಗೆ ನಾವು ಅವರ ಹೆಸರು ಹೇಳುವುದಿಲ್ಲ, ದನಿ ಕೇಳುವುದಿಲ್ಲ. ಅದಕ್ಕೆಂದೇ ಡೇಟಾಬೇಸಿನಲ್ಲಿ ಅವರ ದನಿಗೆ ಬೀಗ ಹಾಕುತ್ತೇವೆ. ನನ್ನ ತಮ್ಮನ ದನಿಗೂ ಮೂರು ವರ್ಷದಿಂದ ಬೀಗವಿತ್ತು. ಇದನ್ನು ಬರೆದುಕೊಳ್ಳುತ್ತಿರುವ ಪೊಲೀಸ್ ಸಾರ್ಜೆಂಟರು ಅವನ ಹೆಸರು ಎರಡು ಸಲ ಕೇಳಿದರು, ನಾನು ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಡೇಟಾಬೇಸಿನ ಹೊಸ ಆವೃತ್ತಿ ಹಾಕಲು ಪಟ್ಟಣದಿಂದ ತಂತ್ರಜ್ಞ ಕಾಲಿನ್ ಪ್ರೌಸ್ ಬಂದ. ಸಂದರ್ಶಕರ ಪಾಸ್‌ವರ್ಡಿನಿಂದಲೇ ಒಳಹೊಕ್ಕು ದನಿಗಳ ನಕಲು ತೆಗೆದ. ಆಮೇಲೆ ತಯಾರಕರು ಪ್ಯಾಕೇಜ್ ಇಟ್ಟಿರುವ ರೆಪಾಸಿಟರಿಯ ವಿಳಾಸವನ್ನೂ ಕೀಲಿಯನ್ನೂ ಸರ್ವರಿಗೆ ಸೇರಿಸಿ ಹೊಸ ಪ್ಯಾಕೇಜ್ ಇಳಿಸತೊಡಗಿದ. ಅಷ್ಟಕ್ಕೇ ಊಟದ ಹೊತ್ತಾಯಿತು. ನಿಮ್ಮೂರಿಗೆ ಇಂಟರ್ನೆಟ್ಟು ಒಂಟೆ ಮೇಲೆ ಬರುತ್ತಾ ಅಕ್ಕಾ ಎಂದು ಕೇಳಿದ. ಒಂಟೆ ಆಗಿದ್ರೆ ನಿನಗಿಂತ ಬೇಗ ಕೆಲಸ ಮುಗಿಸ್ತಿತ್ತು, ಸುಮ್ನೆ ಟೀ ಕುಡಿ ಎಂದೆ.

ನಕಲನ್ನು ಹೊಸದಕ್ಕೆ ತುಂಬಿ ಹಳೆಯ ಪ್ಯಾಕೇಜ್ ಪೂರ್ತಿ ಕೀಳುವಾಗ, ಅದರ ಡೇಟಾವನ್ನೂ ಅಳಿಸಲೇ ಎಂದು ಯಂತ್ರ ಕೇಳಿತು. ಎಲ್ಲಾ ಬಂದಿದೆಯಾ ಒಂಚೂರು ನೋಡಿಬಿಡಕ್ಕಾ ಎಂದು ಕಾಲಿನ್ ಹೇಳಿದ. ನಾನು ಬದುಕಿರುವವರದ್ದನ್ನು ತೆರೆದು ಕೇಳಿದೆ, ಬಂದಿತ್ತು. ಬೀಗವಿದ್ದ ಕಡೆ ಹೋಗಲಿಲ್ಲ, ಹೋಗಬಾರದು. ಬಂದಿದೆ ಎಂದೆ. ಅವನು ಹೌದು ಎಂದು ಒತ್ತಿದ.

ಶುಕ್ರವಾರ ಮನೆಯವರು ತಮ್ಮನ ದನಿಯ ಬೀಗ ತೆಗೆಯಲು ಒಪ್ಪಿದರು. ಹತ್ತೂವರೆಗೆ ತಮ್ಮನ ಹೆಂಡತಿ ಆಡ್ರಿ ನಪಲ್ಜಾರಿ ಬಂದು, ಅವನು ಹೋದ ಮೇಲೆ ಹುಟ್ಟಿದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಿಮ್ಮಪ್ಪ ಈಗ ನಾಯಿಗಳಿಗೆ ಬೈತಾನೆ ಕೇಳು, ಥೇಟ್ ನಿನ್ನ ಹಾಗೇ ಬೈತಾನೆ ಎಂದು ಮಗುವಿಗೆ ಹೇಳಿದಳು. ನಾನು ಹುಡುಕಿದೆ. ಅವನಿರಲಿಲ್ಲ. ಬೀಗ ಹಾಕಿದ ಹನ್ನೊಂದು ಜನರಲ್ಲಿ ಒಬ್ಬರೂ ಇರಲಿಲ್ಲ. ಕಾಲಿನ್‌ಗೆ ಫೋನು ಮಾಡಿದೆ. ಅಯ್ಯೋ ಅಕ್ಕಾ, ಬೀಗ ಹಾಕಿದ್ದು ಸಂದರ್ಶಕರಿಗೆ ಕಾಣೋದೇ ಇಲ್ಲ, ನನ್ನ ನಕಲಿಗೂ ಬಂದಿಲ್ಲ ಎಂದು ಹೇಳಿ ಅತ್ತ. ಅಷ್ಟರಲ್ಲಿ ಮಗು, ಅತ್ತೆ, ಅಪ್ಪ ಮಲ್ಕೊಂಡಿದಾನಾ ಎಂದು ಕೇಳಿತು.

ಆಡ್ರಿ ಮಗುವನ್ನು ನನ್ನ ಕೈಗೆ ಕೊಟ್ಟಳು. ಬಾಗಿಲಿಗೆ ಒತ್ತಿಟ್ಟ ಕಲ್ಲನ್ನು ಎತ್ತಿ ಸರ್ವರಿನ ಮೇಲೆ ಹಾಕಿದಳು. ನಾನು ತಡೆಯಲಿಲ್ಲ. ಬದುಕಿರುವವರ ದನಿಯ ನಕಲು ಕಾಲಿನ್ ಹತ್ತಿರ ಇದೆ. ಆಡ್ರಿಯ ಕಲ್ಲಿಗೆ ಒಡೆದದ್ದು ಬರೀ ಪೆಟ್ಟಿಗೆ, ಅವಳ ಮೇಲೆ ಕೇಸು ಬೇಡ.

ಇದನ್ನು ನನಗೆ ಓದಿ ಹೇಳಿದ್ದಾರೆ, ನಾನು ಕಂಡಂತೆ, ನಾನು ಹೇಳಿದಂತೆ ಸತ್ಯವಾಗಿದೆ. ಮನೆಯವರು ಒಪ್ಪಿರುವುದರಿಂದ ತಮ್ಮನ ಹೆಸರನ್ನು ಈಗ ಬರೆಸಬಹುದು. ಆದರೆ ಮಗು ಇನ್ನೂ ಅವನ ದನಿ ಕೇಳಿಲ್ಲ. ಹೆಸರಿನ ಜಾಗ ಖಾಲಿ ಬಿಡಿ.

ಸ್ಥಳ: ಯಾಲ್ಪಾರಿ
ದಿನಾಂಕ: ೧೪ ಜೂನ್ ೨೦೨೪
ಸಹಿ: ಮರ್ಟಲ್ ನಕಮಾರಾ