ಗೊಣಗಿ ಗೆದ್ದ ಸಂತೆ

ಕೂತಿರಾ ಎಲ್ಲರೂ? ಹಿಂದಿರೋರು ಮುಂದೆ ಬನ್ನಿ. ನನಗೆ ಹೂಂಗುಟ್ಟೋಕೆ ಒಬ್ಬರು ಬೇಕು. ಹೂಂ ಅನ್ನೋರಿಲ್ಲದಿದ್ದರೆ ನನ್ನ ಕಥೆ ದಡ ಬಿಟ್ಟು ಹೊರಡಲ್ಲ, ಮೊದಲೇ ಹೇಳಿಬಿಟ್ಟೆ.

ಯಾವ ಕಾಲವೋ, ಯಾವ ರಾಜನೋ, ನನಗೆ ಗೊತ್ತಿಲ್ಲ. ಒಂದು ಹೊಳೆ ಇತ್ತು, ಅದು ಮಾತ್ರ ಗೊತ್ತು. ಹೊಳೆಯ ಈಚೆ ದಡದಲ್ಲೊಂದು ಊರು, ಆಚೆ ದಡದಲ್ಲೊಂದು ಊರು. ಹಿಂದೆ ನೋಡಿದರೆ ಕಾಡು, ಮುಂದೆ ನೋಡಿದರೆ ನೀರು. ಬರೋಕೂ ದೋಣಿ, ಹೋಗೋಕೂ ದೋಣಿ, ಮದುವೆ ದಿಬ್ಬಣಕ್ಕೂ ದೋಣಿಯೇ.

ಈಚೆ ದಡದ ಊರಲ್ಲಿ ದುರ್ಗಿ ಅಂತ ಒಬ್ಬಳು. ಹೊಳೆಯಂಚಿನ ಕೇದಗೆ ಓಲೆ ಕೊಯ್ದು, ಮುಳ್ಳು ತೆಗೆದು, ಒಣಗಿಸಿ ಚಾಪೆ ಹೆಣೆಯುವವಳು. ಅವಳ ಗಂಡ ಜಟ್ಟಪ್ಪ. ಚಾಪೆಯನ್ನೆಲ್ಲ ದೋಣಿಗೆ ಹೇರಿಕೊಂಡು ಸಮುದ್ರದಂಚಿನ ಪೇಟೆಗೆ ಹೋಗಬೇಕು ಅವನು. ಹತ್ತಿರದಲ್ಲಿ ಸಂತೆ ಅನ್ನೋದೇ ಇಲ್ಲವಲ್ಲ! ಹೋದರೆ ಹೋದ, ಅಮಾವಾಸ್ಯೆಗೆ ಹೋದವನು ಇನ್ನೊಂದು ಅಮಾವಾಸ್ಯೆಗೆ ಬಂದರೆ ಪುಣ್ಯ.

ಕಳೆದ ಸಲ ಬಂದಾಗ ಏನಾಯ್ತು ಗೊತ್ತಾ? ಮಗಳು ನಾಗು ಬಾಗಿಲಲ್ಲಿ ಆಡುತ್ತಿದ್ದಳು. ಅಪ್ಪ ಎತ್ತಿಕೊಳ್ಳೋಕೆ ಕೈ ಚಾಚಿದ. ಮಗು ಕಿಟಾರನೆ ಕಿರುಚಿತು. ಅಮ್ಮನ ಸೀರೆ ಹಿಂದೆ ಅಡಗಿ, "ಅಮ್ಮಾ, ಯಾರೋ ಬಂದಿದಾರೆ" ಅಂತು. ಜಟ್ಟಪ್ಪ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತಗೊಂಡ. ಅವತ್ತಿನಿಂದ ದುರ್ಗಿಗೆ ಒಂದೇ ಆಸೆ. ಊರಿಗೊಂದು ಸಂತೆ ಬರಬೇಕು, ಗಂಡ ಮನೆಯಲ್ಲಿರಬೇಕು.

ಹೀಗಿರುವಾಗ ಡಂಗುರದವನ ದೋಣಿ ಬಂತು. ಡಂ ಡಂ ಡಂ! "ಹೊಳೆಯ ದಡದಲ್ಲಿ ಒಂದು ಸಂತೆ ಕಟ್ಟಿಸುತ್ತಾರಂತೆ ರಾಜರು! ಈಚೆ ದಡವೋ ಆಚೆ ದಡವೋ ನೋಡೋಕೆ ಪಾರುಪತ್ಯಗಾರರು ಬರ್ತಾರಂತೆ!"

ಊರೆಲ್ಲ ಗುಲ್ಲೋ ಗುಲ್ಲು! ಅಂಗಳ ಸಾರಿಸಿದ್ದೇನು, ದೋಣಿ ತೊಳೆದದ್ದೇನು! ದುರ್ಗಿಯಂತೂ ನೆಲದ ಮೇಲೆ ನಡೆಯಲೇ ಇಲ್ಲ, ಓಡಿದ್ದೇ ಓಡಿದ್ದು.

ಆದರೆ ಕೇಳಿ, ಆ ಊರಿಗೊಂದು ಕಟ್ಟಳೆ ಇತ್ತು. ತಮ್ಮದನ್ನು ತಾವು ಚೆನ್ನಾಗಿದೆ ಅನ್ನಬಾರದು. ಅಂದರೆ ದೃಷ್ಟಿ ತಗಲುತ್ತದೆ. ಎಮ್ಮೆ ಕೊಡಗಟ್ಟಲೆ ಹಾಲು ಕೊಟ್ಟರೂ "ಬರಡು" ಅನ್ನಬೇಕು. ಮಗು ಚಂದ್ರನ ಹಾಗಿದ್ದರೂ "ಕೋತಿಮರಿ" ಅನ್ನಬೇಕು. ಹುಟ್ಟಿದಾಗಿನಿಂದ ಹಾಗೇ ಹೇಳಿ ಹೇಳಿ ನಾಲಿಗೆ ಅದಕ್ಕೇ ಒಗ್ಗಿಹೋಗಿತ್ತು.

ಪಾರುಪತ್ಯಗಾರ ಬಂದ. ದೊಡ್ಡ ರುಮಾಲು, ಸಣ್ಣ ತಾಳ್ಮೆ. ಮೊದಲು ಆಚೆ ದಡಕ್ಕೆ ಹೋಗಿದ್ದ. ಅವರಿಗೆ ಈ ಕಟ್ಟಳೆ ಗಿಟ್ಟಳೆ ಏನೂ ಇಲ್ಲ. ನಮ್ಮ ಮೀನು ಹೀಗೆ, ನಮ್ಮ ಭತ್ತ ಹಾಗೆ ಅಂತ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಮಳೆಗಾಲ ಆಗಷ್ಟೇ ಮುಗಿದಿತ್ತು, ಹೊಳೆ ತುಂಬಿತ್ತು, ಎರಡೂ ದಡ ಒಂದೇ ಥರ ಕಾಣುತ್ತಿತ್ತು. ಜನರ ಮಾತು ಕೇಳಿಯೇ ತೀರ್ಮಾನ ಮಾಡಬೇಕು, ಮತ್ತೇನು ನೋಡೋದು ಅವನು?

ಈಚೆ ದಡಕ್ಕೆ ಬಂದವನು ಮೊದಲು ಬಲೆ ಹಾಕುವ ಮಂಕಾಳಜ್ಜನ ಹತ್ತಿರ ನಿಂತ. "ಏನಜ್ಜಾ, ನಿಮ್ಮ ಹೊಳೆಯಲ್ಲಿ ಮೀನು ಹೇಗೆ?"

"ಅಯ್ಯೋ, ಎಂಥ ಮೀನು ಒಡೆಯಾ! ಬೆಕ್ಕು ಕೂಡ ಮೂಸಲ್ಲ."

ಮುಂದೆ ಹೋದ. ತರಕಾರಿ ಬೆಳೆಯುವ ಬೀರಮ್ಮತ್ತೆ ಸಿಕ್ಕಿದಳು. "ಏನಮ್ಮಾ, ನಿಮ್ಮ ಮಣ್ಣು ಹೇಗೆ?"

"ಅಯ್ಯೋ, ಎಂಥ ಮಣ್ಣು ಒಡೆಯಾ! ಕಳೆ ಕೂಡ ಬೇಸರ ಮಾಡ್ಕೊಂಡು ಹುಟ್ತದೆ."

ಇನ್ನೂ ಮುಂದೆ ಹೋದ. ಯಾರ ಮನೆ? ಹೌದು, ದುರ್ಗಿಯ ಮನೆ! ಚಾಪೆ ರಾಶಿ ಸೂರು ಮುಟ್ಟುತ್ತಿತ್ತು. "ಏನು ತಂಗೀ, ಚಾಪೆ ಹೇಗೆ?"

ಹೇಳೇ ದುರ್ಗೀ, ಹೇಳೇ! ಇಷ್ಟು ದಿನ ಕಾದದ್ದು ಇದಕ್ಕೇ ತಾನೇ? ಅವಳು ಬಾಯಿ ತೆರೆದಳು. ನಾಲಿಗೆ ತನ್ನ ಪಾಡಿಗೆ ತಾನು ಹೊರಟಿತು.

"ಅಯ್ಯೋ, ಎಂಥ ಚಾಪೆ ಒಡೆಯಾ! ಹಂದಿ ಕೂಡ ಮಲಗಲ್ಲ."

"ಹಾಗಾದರೆ ಇಲ್ಲಿ ಸಂತೆ ಯಾಕೆ?" ಅಂದ ಪಾರುಪತ್ಯಗಾರ. ರುಮಾಲು ಸರಿಮಾಡಿಕೊಂಡ, ದೋಣಿಯ ಕಡೆ ತಿರುಗಿದ.

ದುರ್ಗಿ ಹಣೆ ಹಣೆ ಚಚ್ಚಿಕೊಂಡಳು. ಒಳಗಿನಿಂದ ನಾಗು, "ಅಮ್ಮಾ, ಯಾರೋ ಬಂದಿದ್ರಾ?" ಅಂತು. ಅದೇ ಮಾತು! ಅಪ್ಪನಿಗೆ ಅಂದ ಅದೇ ಮಾತು! ದುರ್ಗಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಳೆಯ ಕಡೆ ಓಟ ಕಿತ್ತಳು.

"ಒಡೆಯಾ, ನಿಲ್ಲಿ! ಒಡೆಯಾ, ನಿಲ್ಲಿ! ಒಡೆಯಾ, ಒಂದೇ ಒಂದು ಗಳಿಗೆ ನಿಲ್ಲಿ!"

ನಿಂತ. ಆದರೆ ಹೇಳೋದು ಏನು? ನಮ್ಮ ಚಾಪೆ ಒಳ್ಳೆಯದು ಅನ್ನೋಣ ಅಂದರೆ ಕಟ್ಟಳೆ ಅಡ್ಡ ಬರುತ್ತದೆ. ದೃಷ್ಟಿ ತಗಲಿ ಮಗುವಿಗೆ ಏನಾದರೂ ಆದರೆ? ತಾಯಿ ಜೀವ, ಹೆದರದೆ ಇರುತ್ತದಾ?

ಅಷ್ಟರಲ್ಲಿ ಪಕ್ಕದಲ್ಲೇ ಬಲೆ ಎಳೆಯುತ್ತಿದ್ದ ಮಂಕಾಳಜ್ಜ ಗೊಣಗಿದ. "ಥೂ, ಇದರ ಮನೆ ಹಾಳಾಗ! ಮತ್ತೆ ಹರೀತು ಬಲೆ! ಒಂದೇ ಸಲಕ್ಕೆ ಇಷ್ಟು ಮೀನು ಬಿದ್ದರೆ ನಾನೊಬ್ಬ ಮುದುಕ ಎಳೆಯೋದು ಹೇಗೆ?"

ದುರ್ಗಿಯ ಕಿವಿ ನೆಟ್ಟಗಾಯಿತು. ಹೊಗಳಬಾರದು ಅಂತ ಕಟ್ಟಳೆ ಇದೆ, ಸರಿ. ಗೊಣಗಬಾರದು ಅಂತ ಯಾರು ಹೇಳಿದ್ದಾರೆ? ಊರಿಗೆ ಊರೇ ಬೆಳಗಿನಿಂದ ಬೈಗಿನವರೆಗೆ ಮಾಡೋದು ಅದೇ ಕೆಲಸ ತಾನೇ?

"ಒಡೆಯಾ," ಅಂದಳು ಏದುಸಿರು ಬಿಡುತ್ತಾ, "ನಮ್ಮ ಹತ್ತಿರ ಏನು ಚೆನ್ನಾಗಿದೆ ಅಂತ ಕೇಳಬೇಡಿ. ಏನು ಕಷ್ಟ ಅಂತ ಕೇಳಿ. ಆಮೇಲೆ ಆಚೆ ದಡಕ್ಕೂ ಹೋಗಿ ಅದನ್ನೇ ಕೇಳಿ. ಅಷ್ಟು ಮಾಡಿ ಸಾಕು."

ಪಾರುಪತ್ಯಗಾರನಿಗೆ ವಿಚಿತ್ರ ಅನಿಸಿತು. ಆದರೂ ದಡದಲ್ಲಿ ಸೇರಿದ್ದ ಜನರ ಕಡೆ ತಿರುಗಿ ಕೇಳಿಯೇಬಿಟ್ಟ. "ಏನ್ರಪ್ಪಾ, ನಿಮಗೇನು ಕಷ್ಟ?"

ಅಬ್ಬಬ್ಬಬ್ಬಾ! ಕಟ್ಟೆ ಒಡೆದ ಹಾಗಾಯ್ತು!

"ಕಷ್ಟವಾ? ಕುಂಬಳಕಾಯಿ ಭಾರಕ್ಕೆ ನನ್ನ ಮನೆ ಸೂರೇ ಕುಸಿದು ಬಿತ್ತು ಒಡೆಯಾ!" ಅಂದಳು ಬೀರಮ್ಮತ್ತೆ. "ಕೊಡೋಣ ಅಂದ್ರೆ ತಗೊಳ್ಳೋರಿಲ್ಲ. ಅಕ್ಕಪಕ್ಕದವರು ನನ್ನ ಕಂಡರೆ ಬಾಗಿಲು ಹಾಕ್ಕೊಳ್ತಾರೆ!"

"ಬೀಜ ಉಗುಳಿದ್ರೆ ಸಾಕು, ಅಂಗಳದ ತುಂಬ ಪಪ್ಪಾಯಿ ಗಿಡ! ಕಿತ್ತೂ ಕಿತ್ತೂ ಸೊಂಟ ಹೋಯ್ತು!" ಅಂತ ಇನ್ನೊಬ್ಬಳು.

"ಈ ಹೊಳೆ ಒಂದು ಪೀಡೆ! ಬೇಸಿಗೆಯಲ್ಲೂ ಆಳ ಇಳಿಯಲ್ಲ. ದೊಡ್ಡ ದೊಡ್ಡ ದೋಣಿ ಮನೆ ಮೆಟ್ಟಿಲವರೆಗೂ ನುಗ್ತಾವೆ, ಒಣಹಾಕಿದ ಬಟ್ಟೆಗೆಲ್ಲ ನೀರು ಎರಚ್ತಾವೆ!" ಅಂತ ಮತ್ತೊಬ್ಬಳು.

ಪಾರುಪತ್ಯಗಾರ ನಿಂತಲ್ಲೇ ಕೂತುಬಿಟ್ಟ. ನಗು ತಡೆಯೋಕಾಗದೆ ರುಮಾಲಿನ ತುದಿ ಬಾಯಿಗೆ ಒತ್ತಿಕೊಂಡ. ದೋಣಿ ಹತ್ತಿದ, ಆಚೆ ದಡಕ್ಕೆ ಹೋದ, ಕೇಳಿದ. "ನಿಮಗೇನು ಕಷ್ಟ?"

"ನಮಗಾ? ಕಷ್ಟ ಅಂದರೆ ಏನಂತಲೇ ಗೊತ್ತಿಲ್ಲ!" ಅಂದರು ಗಂಡಸರು ಮೀಸೆ ತಿರುವಿ.

ಒಬ್ಬಳು ಮುದುಕಿ ತಲೆಯ ಮೇಲಿನ ಹೊರೆ ಧೊಪ್ಪನೆ ಕೆಳಗಿಟ್ಟಳು. "ನಿಮಗೇನು ಗೊತ್ತು! ಬೇಸಿಗೆ ಬಂದ್ರೆ ಈ ದಡ ಪೂರ್ತಿ ಮರಳು. ದೋಣಿ ನಡುಹೊಳೆಯಲ್ಲೇ ನಿಲ್ತದೆ. ಸುಡೋ ಮರಳಲ್ಲಿ ಹೊರೆ ಹೊತ್ತುಕೊಂಡು ಹೋಗೋರು ಹೆಂಗಸರು. ನೀವು ಹೊರ್ತೀರಾ?"

ಮೀಸೆಗಳೆಲ್ಲ ತಣ್ಣಗಾದವು. ಸಂತೆ ಯಾವ ದಡಕ್ಕೆ ಬಂತು ಅಂತ ನಾನು ಹೇಳಬೇಕಾ?

ಮೊದಲ ಸಂತೆ ಅಂದರೆ ಸಂತೆ! ಮೇಲಿನ ಹೊಳೆಯ ದೋಣಿ, ಕೆಳಗಿನ ಹೊಳೆಯ ದೋಣಿ, ದಡದಲ್ಲಿ ಕಾಲಿಡೋಕೆ ಜಾಗ ಇಲ್ಲ. ಪೇಟೆಯ ಸಾಹುಕಾರರೇ ಚಾಪೆ ಹುಡುಕಿಕೊಂಡು ದುರ್ಗಿಯ ಅಂಗಳಕ್ಕೆ ಬಂದರು. ಜಟ್ಟಪ್ಪನ ದೋಣಿ ಮನೆಯ ಹಿಂದೆ ಕವುಚಿ ಬಿದ್ದಿತ್ತು, ಕೋಳಿಗಳು ಅದರ ಕೆಳಗೆ ಮೊಟ್ಟೆ ಇಡುತ್ತಿದ್ದವು.

ಪಾರುಪತ್ಯಗಾರ ಜನರ ನಡುವೆ ದಾರಿ ಮಾಡಿಕೊಂಡು ಅವಳ ಮುಂದೆ ಬಂದು ನಿಂತ. "ಏನು ತಂಗೀ, ಸಂತೆ ಬಂತಲ್ಲ. ಈಗೇನು ಕಷ್ಟ?"

ದುರ್ಗಿ ಸೊಂಟಕ್ಕೆ ಕೈ ಇಟ್ಟಳು.

"ಒಂದಾ ಎರಡಾ ಒಡೆಯಾ! ಈ ಮನುಷ್ಯ ಮೂರು ಹೊತ್ತೂ ಮನೇಲೇ ಇರ್ತಾನೆ. ಒಲೆ ಹಚ್ಚೋಕೆ ಮೊದಲೇ ಊಟ ಅಂತಾನೆ. ಮಗಳನ್ನ ಊಟಕ್ಕೆ ಕರೆದ್ರೆ ಅವಳು ಅಪ್ಪನ ಹೆಗಲು ಬಿಟ್ಟು ಇಳಿಯಲ್ಲ. ಮೊದಲೆಲ್ಲ ಸಂಜೆ ಹೊಳೆ ನೋಡ್ತಾ ಒಬ್ಬಳೇ ಕೂತು ಅಳ್ತಿದ್ದೆ. ಈಗ ಅಳೋಣ ಅಂದ್ರೂ ಪುರುಸೊತ್ತಿಲ್ಲ!"

ಹೇಳಿದಳು, ಹೇಳಿ ನಕ್ಕಳು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು.

ಅವರ ಮಾತು ಅವರ ದಡದಲ್ಲಿ, ನನ್ನ ಮಾತು ನಿಮ್ಮ ಕಿವಿಯಲ್ಲಿ. ಹೂಂ ಅಂದವರಿಗೆಲ್ಲ ಇಂಥದೇ ಕಷ್ಟ ಬರಲಿ, ಏಳಿ ಮನೆಗೆ.