ನಿನ್ನೆ ಕಲಿತವರು ಮೊದಲು

ಅಧ್ಯಕ್ಷ ಸ್ಥಾನದಲ್ಲಿರುವ ಪೂನಮ್ ಅವರೇ, ವೇದಿಕೆಯ ಮೇಲಿನ ಅತಿಥಿಗಳೇ, ಸಭಿಕರೇ, ಮತ್ತು ಇಷ್ಟು ವರ್ಷ ಬರಿಯ ಇ-ಮೇಲ್ ವಿಳಾಸಗಳಾಗಿದ್ದು ಇವತ್ತು ಕೈಕಾಲು ಸಮೇತ ಬಂದು ಕುಳಿತಿರುವ ನಮ್ಮ ‘ಹೊಸಬರ ಬಳಗ’ದ ಗೆಳೆಯರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಪೇಟ ತೊಡಿಸಿದಿರಿ. ಮೇ ತಿಂಗಳ ಹುಬ್ಬಳ್ಳಿಯಲ್ಲಿ ಶಾಲು ಹೊದಿಸುವ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮನನ್ನು ನಾನೊಮ್ಮೆ ನೋಡಬೇಕು. ಇರಲಿ, ಬೆವರುತ್ತಲೇ ಮಾತನಾಡುತ್ತೇನೆ. ನಾನು ಗೋವಿಂದಪ್ಪ. ಈ ಊರಿನ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿದೆ, ಕೊನೆಯ ಕೆಲವು ವರ್ಷ ಕಂಪ್ಯೂಟರ್ ಕಲಿಸಿದೆ. ಕಲಿಸುವ ಮೊದಲು ಕಲಿತಿದ್ದೆನೇ ಎಂದು ದಯವಿಟ್ಟು ಯಾರೂ ಕೇಳಬೇಡಿ.

ಎರಡು ಸಾವಿರದ ಎರಡನೆಯ ಇಸವಿಯಲ್ಲಿ ನಮ್ಮ ಶಾಲೆಗೆ ಕಂಪ್ಯೂಟರ್‌ಗಳು ಬಂದವು. ಅವು ಬಂದವು, ನನ್ನ ಚಿತ್ರಕಲೆಯ ಹುದ್ದೆ ಹೋಯಿತು. ಕಂಪ್ಯೂಟರ್ ಪರೀಕ್ಷೆ ಪಾಸಾದರೆ ಇಲ್ಲೇ ಉಳಿಯಬಹುದು, ಇಲ್ಲವಾದರೆ ಬೀದರ ಜಿಲ್ಲೆಗೆ ವರ್ಗ ಎಂದರು. ಬೀದರದವರು ಇಲ್ಲಿದ್ದರೆ ಸಿಟ್ಟಾಗಬೇಡಿ, ಒಳ್ಳೆಯ ಊರು. ಆದರೆ ನನ್ನ ಹೆಂಡತಿ ಮುತ್ತವ್ವನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಇಲ್ಲಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಮಗೆ ಮಕ್ಕಳಿಲ್ಲ. ನಾನು ಬೀದರಿಗೆ ಹೋದರೆ ಅವಳ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವವರು ಯಾರು?

ನಾನು ತಲೆಯ ಮೇಲೆ ಕೈಹೊತ್ತು ಕುಳಿತರೆ ಅವಳು ನಗುತ್ತಿದ್ದಳು. “ಪರೀಕ್ಷಾ ಹೌದಲ್ರಿ? ನಿಮ್ಮ ಸಾಲಿ ಹುಡುಗ್ರು ವರ್ಷಾ ಬರೀತಾವು. ನೀವೂ ಒಂದು ಬರೀರಿ, ಅವರ ಸಂಕಟ ಗೊತ್ತಾಗ್ಲಿ.”

ಸರಿ, ಕಲಿಯೋಣ. ಯಾರನ್ನು ಕೇಳುವುದು? ಶಾಲೆಯಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಸಭಿಕರೇ, ನಮ್ಮ ಕೇರಿಯಲ್ಲಿ ‘ಸರ್’ ಅನ್ನಿಸಿಕೊಂಡ ಮೊದಲ ಮನುಷ್ಯ ನಾನು. ನಮ್ಮಪ್ಪನನ್ನು ಊರಿನ ಸಣ್ಣ ಹುಡುಗರೂ ‘ಲೇ’ ಎಂದೇ ಕೂಗುತ್ತಿದ್ದರು. ಅಪ್ಪ ಓಗೊಡುತ್ತಿದ್ದ. ಪಕ್ಕದಲ್ಲಿ ನಿಂತ ನಾನು ನೆಲ ನೋಡುತ್ತಿದ್ದೆ. ಹಾಗೆ ಬಂದ ‘ಸರ್’ ಅದು. ಅದನ್ನು ಹೊತ್ತುಕೊಂಡು ಸಹೋದ್ಯೋಗಿಗಳ ಮುಂದೆ “ಈ ಕಂಪ್ಯೂಟರ್ ಆರಿಸುವುದು ಹೇಗೆ?” ಎಂದು ಕೇಳಲು ನನಗೆ ನಾಲಗೆ ಏಳಲಿಲ್ಲ. ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು.

ಕಮರಿಪೇಟೆಯ ಒಂದು ಸೈಬರ್ ಕೆಫೆಯಲ್ಲಿ ನನಗೆ ನಿಮ್ಮ ಬಳಗ ಸಿಕ್ಕಿತು. ಒಬ್ಬರು ಪತ್ರ ಬರೆದರೆ ಎಲ್ಲರಿಗೂ ಹೋಗುವ ಗುಂಪು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಹುಬ್ಬಳ್ಳಿಯ ಮಾತು. ಅದನ್ನು ಕಟ್ಟಿದವರು ಆಗ ಎಂಜಿನಿಯರಿಂಗ್ ಓದುತ್ತಿದ್ದ ಈ ಪೂನಮ್. ನಾನು ಮೊದಲ ಪತ್ರದಲ್ಲಿ “ಮಾನ್ಯರೇ” ಎಂದು ಬರೆದೆ. ಇವರ ಉತ್ತರ ಬಂತು: “ಲೇ ಗೋವ್ಯಾ, ಇಲ್ಲಿ ಮಾನ್ಯರೂ ಇಲ್ಲ, ಸರ್‌ನೂ ಇಲ್ಲ. ಎಲ್ಲಾರೂ ದಡ್ಡರು. ನಮ್ಮಲ್ಲಿ ಒಂದ ಕಾಯ್ದೆ: ಪ್ರಶ್ನಿ ಬಂದ್ರ ನಿನ್ನಿ ಮೊನ್ನಿ ಕಲ್ತವರು ಮೊದಲು ಹೇಳಬೇಕು. ಭಾಳ ತಿಳದವರು ಒಂದಿನ ಬಾಯಿ ಮುಚಗೊಂಡು ಕುಂದರಬೇಕು.”

ನನ್ನ ವಯಸ್ಸು ಅವರಿಗೆ ಗೊತ್ತಿರಲಿಲ್ಲ. ನೋಡಿ, ಈಗ ಮುಖ ಮುಚ್ಚಿಕೊಳ್ಳುತ್ತಿದ್ದಾರೆ! ತಗೀರಿ ಪೂನಮ್, ಕೈ ತಗೀರಿ. ಆ ‘ಲೇ’ ಓದಿ ಮೊದಲು ನನ್ನ ಕಿವಿ ಬಿಸಿಯಾದದ್ದು ಖರೆ. ಆದರೆ ಅಲ್ಲಿ ಎಲ್ಲರೂ ಎಲ್ಲರಿಗೂ ಲೇ. ಯಾರೂ ಮೇಲೆ ನಿಂತು ಕೂಗುತ್ತಿರಲಿಲ್ಲ. ಅದು ನಮ್ಮಪ್ಪನಿಗೆ ಅಂದ ‘ಲೇ’ ಅಲ್ಲ. ನಾನು ಜೀವಮಾನದಲ್ಲಿ ಮೊದಲ ಸಲ ಹೆದರಿಕೆಯಿಲ್ಲದೆ ದಡ್ಡನಾದೆ.

ಎಂಥ ದಡ್ಡ ಗೊತ್ತೇ? ಪರೀಕ್ಷೆಗೆ ಶಾಲೆಯ ವೇಳಾಪಟ್ಟಿ ತಯಾರಿಸಬೇಕಿತ್ತು. ನಾನು ಚಿತ್ರಕಲೆಯವನು, ಗೆರೆ ಎಳೆಯುವುದನ್ನು ನನಗೆ ಯಾರು ಹೇಳಿಕೊಡಬೇಕು? ಕೀಲಿಮಣೆಯ ಅಡ್ಡಗೆರೆ, ಉದ್ದಗೆರೆಗಳನ್ನು ಒಂದೊಂದಾಗಿ ಒತ್ತಿ ಚೌಕ ಕಟ್ಟಿದೆ. ಬಲು ಚೆಂದ ಕಂಡಿತು. ‘ಗಣಿತ’ ಎಂದು ಬರೆದೆ ನೋಡಿ, ಸಾಲು ಸಾಲಾಗಿ ಗೆರೆಗಳೆಲ್ಲ ಚೆಲ್ಲಾಪಿಲ್ಲಿ. ಬಳಗಕ್ಕೆ ಬರೆದೆ. ಬಲ್ಲವರು ಕಾಯ್ದೆಯಂತೆ ಸುಮ್ಮನಿದ್ದರು. ತಾರಿಹಾಳದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಗುಲಾಬಸಾಬ ಬರೆದ: “ಲೇ ಗೋವ್ಯಾ, ಗೆರಿ ಕೈಲೆ ಎಳೀಬ್ಯಾಡ. ಟೇಬಲ್ ಅಂತ ಐತಿ, ಅದು ತಾನ ಎಳಕೊಂತೈತಿ. ಹೋದ ವಾರ ನಾನೂ ಹಿಂಗ ಎಳದು ಎಳದು ಸತ್ತೇನಿ.” ಅವನಿಗೂ ಅರ್ಧವೇ ಗೊತ್ತಿತ್ತು. ಉಳಿದರ್ಧವನ್ನು ಇಬ್ಬರೂ ಬರೆದು ಬರೆದು ಕಂಡುಕೊಂಡೆವು. ಬಲ್ಲವರು ತಾವು ಎಡವಿದ ಜಾಗವನ್ನು ಎಂದೋ ಮರೆತಿರುತ್ತಾರೆ. ಗುಲಾಬಸಾಬನ ಹೆಬ್ಬೆರಳು ಇನ್ನೂ ನೋಯುತ್ತಿತ್ತು.

ಪರೀಕ್ಷೆ ಪಾಸಾದೆ. ಬೀದರ ತಪ್ಪಿತು. ನೀವು ನನಗೆ ಕಂಪ್ಯೂಟರ್ ಕಲಿಸಿದಿರಿ ಎಂದು ಈ ಮಾನಪತ್ರದಲ್ಲಿ ಬರೆದಿದೆ. ನೀವು ಕೊಟ್ಟದ್ದು ಅದಲ್ಲ. ನೀವು ನನಗೆ ಮುತ್ತವ್ವನ ಜೊತೆ ಇನ್ನೈದು ವರ್ಷ ಕೊಟ್ಟಿರಿ. ಸಂಜೆ ಮನೆಗೆ ಹೋದರೆ ಚಹಾ ಇಡುವ ಮೊದಲೇ ಕೇಳುತ್ತಿದ್ದಳು, “ಇವತ್ತ ಯಾರು ಲೇ ಅಂದ್ರರೀ ನಿಮಗ?” ನಾನು ಹೇಳುತ್ತಿದ್ದೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಿಮ್ಮ ಹೆಸರೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಮಣ್ಣಿಗೆ ಬಂದವರು ಬಹಳ ಸಮಾಧಾನ ಹೇಳಿದರು. ‘ಹುಟ್ಟಿದವರು ಸಾಯಲೇಬೇಕು’ ಎಂದರು. ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಇತ್ತು. ಕಡೆಗೊಂದು ದಿನ ಬಳಗಕ್ಕೆ ಬರೆದೆ: “ಸಂಜೆ ಬೀಗ ತೆಗೆದು ಒಳಗೆ ಹೋಗುವುದು ಹೇಗೆ?”

ಕಂಪ್ಯೂಟರ್ ಬಳಗದಲ್ಲಿ ಕೇಳುವ ಪ್ರಶ್ನೆಯೇ ಅದು? ಆದರೂ ನೀವು ಕಾಯ್ದೆ ಮುರಿಯಲಿಲ್ಲ. ಒಬ್ಬರೂ ಉಪದೇಶ ಮಾಡಲಿಲ್ಲ. ಮರುದಿನ ಒಂದೇ ಉತ್ತರ ಬಂತು, ಗುಲಾಬಸಾಬನದು. ಆ ಯುಗಾದಿಯ ಹೊತ್ತಿಗಷ್ಟೇ ಅವನ ಹೆಂಡತಿ ಅಮೀನಾಬಿ ತೀರಿಕೊಂಡಿದ್ದಳು.

“ಲೇ ಗೋವ್ಯಾ, ನಂದೂ ಇನ್ನ ಪೂರಾ ಕಲ್ತು ಮುಗದಿಲ್ಲ. ಇಷ್ಟ ಗೊತ್ತೈತಿ. ಮುಂಜಾನಿ ಹೋಗುವಾಗ ಅಡಗಿಮನಿ ಲೈಟ್ ಹಚ್ಚೇ ಹೋಗು. ಸಂಜಿಕ ಕೀಲಿ ತಗದಾಗ ಒಳಗ ಕತ್ತಲಿರಬಾರದು. ಮೊದಲು ಇದೊಂದು ಮಾಡು. ಉಳದರ್ಧ ಇಬ್ಬರೂ ನೋಡೂಣು.”

ಹಾಗೆಯೇ ಮಾಡಿದೆ. ಒಳಗೆ ಹೋದೆ.

ಗೆಳೆಯರೇ, ನಾನು ಹೆಚ್ಚೇನೂ ಬಲ್ಲವನಲ್ಲ. ಆದರೆ ಈ ಒಂದು ಪಾಠದಲ್ಲಿ ನಿಮ್ಮೆಲ್ಲರಿಗಿಂತ ಹೊಸದಾಗಿ ಕಲಿತವನು ಈಗ ನಾನೇ. ನಿನ್ನೆ ಬಳಗಕ್ಕೆ ಹೊಸಬರೊಬ್ಬರು ಬರೆದದ್ದನ್ನು ನೀವೆಲ್ಲ ಓದಿದ್ದೀರಿ, ತಾಯಿಯನ್ನು ಕಳೆದುಕೊಂಡವರು. ದಯವಿಟ್ಟು ಹಿರಿಯರು ಒಂದು ದಿನ ಸುಮ್ಮನಿರಿ. ಸರದಿ ನನ್ನದು. ಈ ಶಾಲು ತೆಗೆದಿಟ್ಟು, ಮನೆಗೆ ಹೋಗಿ ಅವರಿಗೆ ಬರೆಯುತ್ತೇನೆ.

ನಿಮ್ಮ ಉಪಕಾರ ದೊಡ್ಡದು. ಎಲ್ಲರಿಗೂ ನನ್ನ ಮತ್ತು ಮುತ್ತವ್ವನ ನಮಸ್ಕಾರ.