ಪೂಜೆಗಿಟ್ಟ ಪುಸ್ತಕ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವನೊಬ್ಬನನ್ನೇ ಬೈದುಕೊಂಡು ಹಾಯಾಗಿ ಮನೆಗೆ ಹೋಗುತ್ತೀರಿ.

ಆ ಮನೆಯಲ್ಲಿ ವಿದ್ಯೆಗೆ ಬಹಳ ಮರ್ಯಾದೆ. ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ನಡುಮನೆಯಲ್ಲಿ ನಿಂತು ಒಂದು ಪುಟ ಗಟ್ಟಿಯಾಗಿ ಓದಬೇಕು. ಮಗ ನೀರು ಕುಡಿದಂತೆ ಓದುತ್ತಿದ್ದ. ಮಗಳು ಮೊದಲ ಸಾಲಿನಲ್ಲೇ ನಿಲ್ಲುತ್ತಿದ್ದಳು. ಮೂರನೆಯ ಕ್ಲಾಸಿನ ಹುಡುಗಿ. ಕೇಳಿದ ಕಥೆಯನ್ನು ಒಂದು ಮಾತು ಬಿಡದೆ ತಿರುಗಿ ಹೇಳುವಳು; ಅದೇ ಕಥೆ ಅಚ್ಚಿನಲ್ಲಿ ಕಂಡರೆ ಬೆವರುವಳು.

"ಅಕ್ಷರ ಅಲ್ಲಾಡ್ತವೆ ಅಪ್ಪಾ."

"ಅಕ್ಷರ ಅಲ್ಲಾಡಲ್ಲ, ನಿನ್ ತಲೆ ಅಲ್ಲಾಡುತ್ತೆ."

ಮನೆಯವರೆಲ್ಲ ನಕ್ಕರು. ಅಣ್ಣ ಹೇಳಿದ: "ಎಮ್ಮೆಗೆ ಕಲಿಸಿದ್ರೂ ಇಷ್ಟೊತ್ತಿಗೆ ಓದಿರೋದು." ಅಜ್ಜಿ ಬಜೆ ತೇಯ್ದು ಮೊಮ್ಮಗಳ ನಾಲಿಗೆಗೆ ಹಚ್ಚಿದಳು. ನೋಡಿ, ಮಗು ಹೇಳಿದ್ದು ಕಣ್ಣಿಗೆ ಕಾಣುವ ತೊಂದರೆ. ಮದ್ದು ಬಿದ್ದದ್ದು ನಾಲಿಗೆಗೆ. ಕೇಳಿಸಿಕೊಂಡವರು ಯಾರು? ಒಬ್ಬರೂ ಇಲ್ಲ.

ಶಾಲೆಗೆ ಒಬ್ಬ ಹೊಸ ಟೀಚರಮ್ಮ ಬಂದಿದ್ದಳು. ಒಂದು ದಿನ ಅವಳು ತೆಳ್ಳನೆಯ ಒಂದು ಚಿತ್ರದ ಪುಸ್ತಕ ತಂದು ಕ್ಲಾಸಿಗೆಲ್ಲ ಓದಿ ಹೇಳಿದಳು. ಒಬ್ಬ ಹುಡುಗನಿಗೆ ಪುಟದ ಮೇಲೆ ಅಕ್ಷರಗಳು ಇರುವೆಗಳ ಹಾಗೆ ಚದುರಿ ಓಡುತ್ತವೆ. ಅವನ ಗೆಳೆಯನಿಗೆ ಇದ್ದಲ್ಲಿ ಕೂತಿರಲು ಆಗುವುದಿಲ್ಲ, ಕಿಟಕಿಯಾಚೆ ಕಾಗೆ ಕೂಗಿದರೆ ಪಾಠ ಮರೆತುಹೋಗುತ್ತದೆ. ಇಬ್ಬರೂ ದಡ್ಡರಲ್ಲ, ಇಬ್ಬರೂ ಬೇರೆ ದಾರಿಯಲ್ಲಿ ಕಲಿಯುವವರು. ಕಥೆ ಅಷ್ಟೇ. ಟೀಚರಮ್ಮ ಯಾರ ಕಡೆಗೂ ಬೆರಳು ತೋರಿಸಲಿಲ್ಲ.

ಶ್ರೀಮಂತನ ಮಗಳ ಪಕ್ಕದಲ್ಲಿ ಕೂತ ಹುಡುಗಿ ಮೆಲ್ಲಗೆ ಕೇಳಿದಳು: "ನಿಂಗೂ ಹಂಗೇ ಆಗುತ್ತೇನೇ?"

"ಹೂಂ."

"ಮತ್ತೆ ಹೇಳ್ಬಾರ್ದಾ?"

"ಹೇಳ್ದೆ."

ಆಮೇಲೆ ಆ ಗೆಳತಿ ಒಂದು ಕೆಲಸ ಮಾಡಿದಳು. ಓದುವ ಸಾಲಿನ ಕೆಳಗೆ ಸ್ಕೇಲು ಇಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿದಳು. "ಇದೊಂದೇ ನೋಡು, ಆತ್ರ ಬೇಡ." ಈ ಹುಡುಗಿ ಒಂದು ಸಾಲು ಓದಿದಳು. ಮಾರನೆಯ ದಿನ ಇನ್ನೊಂದು. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಮಕ್ಕಳಿಗೆ ಒಂದು ಕಥೆ ಸಾಕಾಯಿತು. ದೊಡ್ಡವರಿಗೆ?

ಟೀಚರಮ್ಮ ಪುಸ್ತಕವನ್ನು ಅವಳ ಕೈಗೇ ಕೊಟ್ಟಳು. "ಮನೇಲಿ ತೋರ್ಸು. ಪಟ್ಟಣದಲ್ಲಿ ಇಂಥ ಮಕ್ಕಳನ್ನ ಪರೀಕ್ಷೆ ಮಾಡಿ, ಹೆಂಗೆ ಕಲಿಸ್ಬೇಕು ಅಂತ ಹೇಳೋ ಡಾಕ್ಟ್ರಿದಾರೆ. ನಿಮ್ಮಪ್ಪನ್ನ ಬರಕ್ಕೆ ಹೇಳು, ಮಾತಾಡ್ತೀನಿ."

ಹುಡುಗಿ ಓಡಿಕೊಂಡು ಮನೆಗೆ ಬಂದಳು. ನವರಾತ್ರಿ, ನಾಳೆ ಸರಸ್ವತಿ ಪೂಜೆ. ಅಪ್ಪ ಪುಟ ತಿರುವಿದ, ಕೊನೆಯವರೆಗೂ ಓದಿದ. ಅವನಿಗೆ ಅರ್ಥವಾಗಲಿಲ್ಲ ಅಂದುಕೊಂಡಿರಾ? ಚೆನ್ನಾಗಿ ಅರ್ಥವಾಯಿತು. ಹೆಂಡತಿಯೂ ಇಣುಕಿ ನೋಡಿದಳು. "ರೀ, ಇದು ನಮ್ ಹುಡುಗೀನೇ ಅಲ್ವಾ?"

"ಬಾಯ್ಮುಚ್ಚು. ಈ ಮನೇಲಿ ಹಿಂಗಿದೆ ಅಂತ ಗೊತ್ತಾದ್ರೆ ನಾಳೆ ಇವ್ಳನ್ನ ಯಾರು ಮಾಡ್ಕೋತಾರೆ?"

ಮೂರನೆಯ ಕ್ಲಾಸಿನ ಮಗು. ಅಪ್ಪನ ಕಣ್ಣಿಗೆ ಕಂಡದ್ದು ಮದುವೆ.

ಪುಸ್ತಕ ಹರಿಯುವ ಹಾಗಿಲ್ಲ, ಸರಸ್ವತಿಯಲ್ಲವೇ? ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಪೂಜೆಗಿಟ್ಟ ಪುಸ್ತಕಗಳ ಅಡಿಯಲ್ಲಿ ಸೇರಿಸಿ ರೇಷ್ಮೆ ವಸ್ತ್ರ ಹೊದಿಸಿದ. ಪೂಜೆಗಿಟ್ಟದ್ದನ್ನು ಮುಟ್ಟಬಾರದು, ಓದಬಾರದು. ನಿಮಗೂ ಗೊತ್ತಿರುವ ಶಾಸ್ತ್ರವೇ.

ವಿಜಯದಶಮಿಯ ದಿನ ಪುಸ್ತಕ ಇಳಿಸಿ ಮಕ್ಕಳೆಲ್ಲ ನೆಂಟರೆದುರು ಒಂದೊಂದು ಸಾಲು ಓದುವುದು ಆ ಮನೆಯ ಪದ್ಧತಿ. ಅಪ್ಪ ಮಗಳ ಕೈಗೆ ದಪ್ಪನೆಯ ಪುರಾಣ ಕೊಟ್ಟ.

"ಅಪ್ಪಾ, ಆ ಚಿತ್ರದ ಪುಸ್ತಕ ಕೊಡಪ್ಪಾ. ಅದ್ರಲ್ಲಿ ಒಂದು ಸಾಲು ಓದಕ್ಕೆ ಬರುತ್ತೆ. ಸ್ಕೇಲ್ ಇಟ್ಕೊಂಡು ಓದ್ತೀನಿ."

"ಅದು ದೇವ್ರ ಹತ್ರ ಇರ್ಲಿ. ಇದ್ನ ಓದು."

ಓದಲು ಆಗಲಿಲ್ಲ. ನೆಂಟರು ನಕ್ಕರು. ಅಪ್ಪನೂ ನಕ್ಕ, ನೆನಪಿಡಿ. ಗೊತ್ತಿದ್ದೂ ನಕ್ಕ.

ಟೀಚರಮ್ಮ ಮನೆಗೇ ಬಂದು ಕೇಳಿದಾಗ ಅವನು ಕೈ ಮುಗಿದು ಹೇಳಿದ: "ನಿಮ್ ಪುಸ್ತಕಕ್ಕೆ ದಿನಾ ಮಂಗಳಾರತಿ ಆಗ್ತಿದೆ ಟೀಚರಮ್ಮ. ಇನ್ನೇನ್ ಬೇಕು?" ಮುಂದೆ ಹುಡುಗಿಯನ್ನು ಏಳನೆಯ ಕ್ಲಾಸಿಗೆ ಶಾಲೆ ಬಿಡಿಸಿದರು. ಅಕ್ಷರ ಅಲ್ಲಾಡುತ್ತವೆ ಎಂದು ಅವಳೀಗ ಹೇಳುವುದಿಲ್ಲ. "ನಂಗೆ ಓದು ಹತ್ತಲ್ಲ" ಅನ್ನುತ್ತಾಳೆ, ಯಾರೋ ಕಲಿಸಿದ ಪಾಠದ ಹಾಗೆ. ಬೆಳಿಗ್ಗೆ ಎದ್ದು ಹೂ ಕಟ್ಟುತ್ತಾಳೆ. ತನ್ನ ಕೈಯಾರೆ ಕಟ್ಟಿದ ಮಾಲೆಯನ್ನು ತಂದು ಆ ರೇಷ್ಮೆ ವಸ್ತ್ರದ ಮೇಲೆ ಹಾಕುತ್ತಾಳೆ. ತನ್ನ ಪುಸ್ತಕಕ್ಕೆ ತಾನೇ.

ಎಮ್ಮೆ ಅಂದಾಗ ನಿಮ್ಮಲ್ಲಿ ಸುಮಾರು ಜನ ನಕ್ಕಿರಿ, ಹರಿಕಥೆ ಹೇಳುವ ಈ ಜಾಗದಿಂದ ಕಾಣುತ್ತಿತ್ತು.

ಮನೆಗೆ ಹೋಗಿ ಮಗುವನ್ನು ಎದುರು ನಿಲ್ಲಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ನೀವು ಗಟ್ಟಿಯಾಗಿ ಓದಿ, ಅದು ಕೇಳಲಿ. ಏನು ಕಾಣುತ್ತದೆ ಎಂದು ಕೇಳಿ, ಹೇಳಿದ್ದನ್ನು ನಂಬಿ. ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಾದರೆ ಹಗಲಲ್ಲೇ ಹೋಗಿ, ಕದ್ದು ಹೋಗುವ ಕಾರಣವಿಲ್ಲ. ನಿಮ್ಮ ಮಗು ಚೆನ್ನಾಗಿ ಓದುತ್ತದೆಯೇ? ಹಾಗಾದರೆ ಅದಕ್ಕೂ ಇಂಥ ಕಥೆ ಓದಿ ಹೇಳಿ. ಪಕ್ಕದಲ್ಲಿ ಕೂತ ಮಗುವಿಗೆ ಸ್ಕೇಲು ಹಿಡಿಯುವುದು ಅದೇ, ದಡ್ಡ ಎಂದು ಕೂಗುವುದೂ ಅದೇ. ಯಾವುದನ್ನು ಕಲಿಸಿದ್ದೀರಿ?

ಈ ಮಂಟಪದಲ್ಲಿ ನೀವೆಲ್ಲ ಮಕ್ಕಳ ಪುಸ್ತಕ ತಂದು ಪೂಜೆಗಿಟ್ಟಿದ್ದೀರಿ. ದಶಮಿಗೆ ಕಾಯಬೇಡಿ. ಮಂಗಳಾರತಿಗೆ ಮೊದಲೇ ಎದ್ದು ಬಂದು ನಿಮ್ಮ ನಿಮ್ಮದನ್ನು ತೆಗೆದುಕೊಳ್ಳಿ. ದೋಷ ಬಂದರೆ ನನಗೆ ಬರಲಿ.

ಏಳಿ.